ಹೇಳದೆ ಹೋದ ಕಿಂಗ್ಡಾ ಕಾ: ಸಿಕ್ಸ್ ಫ್ಲ್ಯಾಗ್ಸ್ ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಸಿಕ್ಸ್ ಫ್ಲ್ಯಾಗ್ಸ್ ಕಂಪನಿಯ ಆಡಳಿತ ಮಂಡಳಿಯವರಿಗೆ, ನಮಸ್ಕಾರ.

ಈ ಪತ್ರ ಕನ್ನಡದಲ್ಲಿದೆ. ಶಾರ್ಲಟ್‌ನ ನಿಮ್ಮ ಮುಖ್ಯ ಕಚೇರಿಯಲ್ಲಿ ಇದನ್ನು ಓದಬಲ್ಲವರು ಇದ್ದಾರೋ ಇಲ್ಲವೋ ಗೊತ್ತಿಲ್ಲ. ಇದ್ದರೂ ಆಶ್ಚರ್ಯವೇನಿಲ್ಲ, ನಮ್ಮವರು ಎಲ್ಲಿಲ್ಲ ಹೇಳಿ. ಆದರೆ ನಿಮ್ಮ ಪಾರ್ಕಿಗೆ ಟಿಕೆಟ್ ತೆಗೆದುಕೊಂಡು ಬರುವ ಕನ್ನಡದ ಕುಟುಂಬಗಳು ಇದನ್ನು ಖಂಡಿತ ಓದುತ್ತವೆ. ನ್ಯೂಜೆರ್ಸಿಯ ಎಡಿಸನ್, ಪ್ರಿನ್ಸ್‌ಟನ್, ಪಿಸ್ಕ್ಯಾಟವೇ ಕಡೆ ಇರುವ ನಮಗೆಲ್ಲ ನಿಮ್ಮ ಗ್ರೇಟ್ ಅಡ್ವೆಂಚರ್ ಮನರಂಜನಾ ಪಾರ್ಕ್ ಹತ್ತಿರದ್ದೇ. ಟರ್ನ್‌ಪೈಕಿನಲ್ಲಿ 7ಎ ಎಕ್ಸಿಟ್ ಹಿಡಿದು, 195ನೇ ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಜಾಕ್ಸನ್ ಬರುತ್ತದೆ. ಊರಿಂದ ಅಪ್ಪ ಅಮ್ಮ ಬಂದರೆ ನಯಾಗರ, ಲಿಬರ್ಟಿ ಪ್ರತಿಮೆ, ಬ್ರಿಡ್ಜ್‌ವಾಟರ್ ವೆಂಕಟೇಶ್ವರ ಗುಡಿ. ಊರಿಂದ ಮಕ್ಕಳಿರುವ ನೆಂಟರು ಬಂದರೆ ನಿಮ್ಮ ಪಾರ್ಕು.

ಆ ದಾರಿಯಲ್ಲಿ ಹೋಗುವಾಗ ಮರಗಳ ಮೇಲೆ ಒಂದು ಹಸಿರು ಗೋಪುರ ಕಾಣುತ್ತಿತ್ತು, ಕಿಂಗ್ಡಾ ಕಾ ಎಂಬ ರೋಲರ್ ಕೋಸ್ಟರಿನದು. ಹಿಂದಿನ ಸೀಟಿನ ಮಕ್ಕಳು "ಅಗೋ, ಅಗೋ" ಎಂದು ಕೂಗುತ್ತಿದ್ದರು. ಈಗ ಅದಿಲ್ಲ. 2025ರ ಫೆಬ್ರವರಿ 28ರ ಬೆಳಿಗ್ಗೆ ಸ್ಫೋಟಕ ಇಟ್ಟು ಅದನ್ನು ಉರುಳಿಸಿದಿರಿ. ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 139 ಮೀಟರ್ ಉಕ್ಕು, ಕಣ್ಣು ಮಿಟುಕಿಸುವಷ್ಟರಲ್ಲಿ ನೆಲಕ್ಕೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕಿಂಗ್ಡಾ ಕಾ ನಿಲ್ಲಿಸಿದಿರಿ ಅಂತ ನನಗೆ ಸಿಟ್ಟಿಲ್ಲ. ಹಳೆಯದೆಲ್ಲ ಚಿನ್ನ ಎನ್ನುವ ಪೈಕಿ ನಾನಲ್ಲ. ಯಂತ್ರಕ್ಕೂ ಆಯಸ್ಸು ಅಂತ ಇರುತ್ತದೆ. ನನ್ನ ತಕರಾರು ನೀವು ನಿಲ್ಲಿಸಿದ ರೀತಿಯ ಬಗ್ಗೆ.

ಪತ್ರ ಓದುತ್ತಿರುವ ಉಳಿದವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಕಿಂಗ್ಡಾ ಕಾ ಶುರುವಾದದ್ದು 2005ರ ಮೇ 21ರಂದು. ಆಗ ಅದು ಜಗತ್ತಿನ ಅತಿ ಎತ್ತರದ, ಅತಿ ವೇಗದ ರೋಲರ್ ಕೋಸ್ಟರ್. ವೇಗದ ದಾಖಲೆ 2010ರಲ್ಲಿ ಅಬುಧಾಬಿಗೆ ಹೋಯಿತು. ಎತ್ತರದ ದಾಖಲೆಯನ್ನು ಮಾತ್ರ ಅದು ಓಡುವಷ್ಟು ದಿನವೂ ಬಿಟ್ಟುಕೊಡಲಿಲ್ಲ. 456 ಅಡಿ ಅಂದರೆ ಎಷ್ಟು ಅಂತ ನಮ್ಮ ಹಾಸನದ ಕಡೆಯವರಿಗೆ ಹೇಳಬೇಕಾದರೆ ಸುಲಭ. ಶ್ರವಣಬೆಳಗೊಳದ ಗೊಮ್ಮಟ ಸುಮಾರು 57 ಅಡಿ. ಅಂಥ ಎಂಟು ಗೊಮ್ಮಟರನ್ನು ಒಬ್ಬರ ತಲೆಯ ಮೇಲೆ ಒಬ್ಬರನ್ನು ನಿಲ್ಲಿಸಿದರೆ ಆಯಿತು.

ಅದು ಓಡುತ್ತಿದ್ದ ಬಗೆಯೂ ಹೇಳುವಂಥದ್ದೇ. ಮಾಮೂಲಿ ಕೋಸ್ಟರಿನ ಹಾಗೆ ಟಕ ಟಕ ಎಂದು ಸರಪಳಿಯಲ್ಲಿ ಮೇಲೆ ಎಳೆಯುತ್ತಿರಲಿಲ್ಲ. ಹಳಿಯ ಮಧ್ಯೆ ಉಕ್ಕಿನ ಹಗ್ಗ, ಅದನ್ನು ಸುತ್ತಲು ಒಂದು ದೊಡ್ಡ ರಾಟೆ. ಎಣ್ಣೆಯ ಒತ್ತಡದಿಂದ ತಿರುಗುವ ಮೋಟರುಗಳು ಆ ರಾಟೆಯನ್ನು ಒಮ್ಮೆಲೇ ತಿರುಗಿಸುತ್ತಿದ್ದವು. ಬಾವಿಯಿಂದ ಬಿಂದಿಗೆ ಎಳೆದ ಹಾಗೆಯೇ, ಆದರೆ ಬಿಂದಿಗೆಯಲ್ಲಿ 18 ಜನ. 3.5 ಸೆಕೆಂಡಿನಲ್ಲಿ ಗಂಟೆಗೆ 206 ಕಿಲೋಮೀಟರ್ ವೇಗ. ಆಮೇಲೆ ನೆಟ್ಟಗೆ ಆಕಾಶಕ್ಕೆ, ತುದಿಯಲ್ಲಿ ಒಂದು ಗಳಿಗೆ, ಸುರುಳಿ ಸುತ್ತುತ್ತಾ ನೆಟ್ಟಗೆ ಕೆಳಕ್ಕೆ. ಕೆಲವು ಸಲ ಗಾಳಿಯಿಂದಲೋ ಎಳೆತ ಸಾಲದೆಯೋ ಗಾಡಿ ತುದಿ ದಾಟದೆ ಹಿಂದಕ್ಕೇ ಉರುಳಿ ಬರುತ್ತಿತ್ತು. ಅಂಥ ಹೊತ್ತಿಗೆಂದೇ ಹಳಿಯ ಮೇಲೆ ಬ್ರೇಕುಗಳಿದ್ದವು, ಹಾಗಾಗಿ ಅಪಾಯವಿರಲಿಲ್ಲ. ಹಾಗೆ ಹಿಂದೆ ಬಂದವರು ಲಾಟರಿ ಹೊಡೆದವರ ಹಾಗೆ ಕುಣಿಯುತ್ತಿದ್ದರು, ಯಾಕೆಂದರೆ ಮತ್ತೊಮ್ಮೆ ಬಿಟ್ಟಿಯಾಗಿ ಹಾರುವ ಯೋಗ.

ನಾನು ಅದನ್ನು ಹತ್ತಿದ್ದು 2010ರ ಬೇಸಿಗೆಯಲ್ಲಿ, ಒಂದೇ ಸಲ. ಎರಡನೇ ಸಲ ಹತ್ತುವ ಧೈರ್ಯ ಬರಲಿಲ್ಲ. 2013ರಲ್ಲಿ ಅಮ್ಮ ಬಂದಿದ್ದಳು. ಬೆಂಚಿನ ಮೇಲೆ ಕೂತು ಒಂದು ಗಂಟೆ ಅದನ್ನೇ ನೋಡಿದಳು. "ದುಡ್ಡು ಕೊಟ್ಟು ಪ್ರಾಣ ಬಾಯಿಗೆ ತಂದ್ಕೋತಾರಲ್ಲೋ" ಅಂದಳು. ಆಮೇಲೆ, ಹೊರಡುವ ಹೊತ್ತಿಗೆ, "ಇನ್ನೊಂದು ಗಾಡಿ ಹೋಗ್ಲಿ ತಡಿ" ಅಂದಳು. ಹತ್ತದವರನ್ನೂ ಹಿಡಿದು ಕೂರಿಸುವ ಶಕ್ತಿ ಇತ್ತು ಅದಕ್ಕೆ.

ಈಗ ವಿಷಯಕ್ಕೆ ಬರುತ್ತೇನೆ. ಕಿಂಗ್ಡಾ ಕಾ ಕೊನೆಯ ಸಲ ಜನರನ್ನು ಹೊತ್ತು ಓಡಿದ್ದು 2024ರ ನವೆಂಬರ್ 10, ಭಾನುವಾರ. ಅದು ಕೊನೆಯ ದಿನ ಎಂದು ನೀವು ಜನರಿಗೆ ಹೇಳಿದ್ದು ನವೆಂಬರ್ 14, ಗುರುವಾರ. ಅಂದರೆ ತಿಥಿ ಮುಗಿದ ಮೇಲೆ ಸಾವಿನ ಸುದ್ದಿ. ಆ ಭಾನುವಾರ ಕ್ಯೂನಲ್ಲಿ ನಿಂತವರಲ್ಲಿ ಗುಸುಗುಸು ಇತ್ತಂತೆ, ಖಚಿತ ಮಾತು ಯಾರಿಂದಲೂ ಬಂದಿರಲಿಲ್ಲ. ಅದೇ ಪ್ರಕಟಣೆಯಲ್ಲಿ ಗ್ರೀನ್ ಲ್ಯಾಂಟರ್ನ್, ಟ್ವಿಸ್ಟರ್, ಪ್ಯಾರಾಚೂಟ್, ಸ್ಕೈ ವೇ ಎಂಬ ಬೇರೆ ರೈಡುಗಳೆಲ್ಲವನ್ನೂ ಪಟ್ಟಿ ಮಾಡಿ ಮುಗಿಸಿದಿರಿ. ಜೊತೆಗೆ, ಹಲವು ವಿಶ್ವದಾಖಲೆ ಮುರಿಯುವ ಹೊಸ ಕೋಸ್ಟರ್ ಬರುತ್ತದೆ ಎಂಬ ಸಿಹಿಸುದ್ದಿ. ಬೇವು ಬೆಲ್ಲ ಒಂದೇ ಬಟ್ಟಲಲ್ಲಿ. ಬೆಲ್ಲ ಮೇಲೆ, ಬೇವು ಕೆಳಗೆ.

ನಾನು ಬೆಳೆದದ್ದು ಅರಕಲಗೂಡು ತಾಲೂಕಿನಲ್ಲಿ. ರಾಮನಾಥಪುರದ ಷಷ್ಠಿ ಜಾತ್ರೆಗೆ ಪ್ರತಿ ವರ್ಷ ಹೋಗುತ್ತಿದ್ದೆವು. ಕಾವೇರಿ ದಡದಲ್ಲಿ ತೇರು, ದನಗಳ ಸಾಲು, ಬೆಂಡು ಬತ್ತಾಸು, ಮತ್ತೆ ತೊಟ್ಟಿಲು. ಜೈಂಟ್ ವೀಲ್ ಎನ್ನುವ ಹೆಸರು ನಮಗೆ ಆಮೇಲೆ ಬಂತು, ಆಗ ಅದು ತೊಟ್ಟಿಲೇ. ತೊಟ್ಟಿಲು ಬಿಚ್ಚುವ ದಿನ ಅದರ ಮಾಲೀಕ ಮೈಕಿನಲ್ಲಿ ಕೂಗುತ್ತಿದ್ದ: "ಇವತ್ತೇ ಕೊನೆ, ಇವತ್ತೇ ಕೊನೆ, ನಾಳೆ ಬಂದ್ರೆ ಬರೀ ಗುಂಡಿ." ಅವನೇನು ದಾನಿಯಲ್ಲ. ಕೊನೆಯ ದಿನ ಅಂದರೆ ಜನ ಜಾಸ್ತಿ ಬರುತ್ತಾರೆ ಅನ್ನುವುದು ಅವನಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು. ಆದರೂ ಓಡಿ ಹೋಗಿ ಹತ್ತುತ್ತಿದ್ದೆವು, ಇಳಿದು ಇನ್ನೊಮ್ಮೆ ಹತ್ತುತ್ತಿದ್ದೆವು. ಅವನಿಗೆ ದುಡ್ಡು, ನಮಗೆ ಖುಷಿ.

ನಿಮ್ಮ ಎದುರಾಳಿ ಡಿಸ್ನಿಯವರಿಗೆ ಈ ತೊಟ್ಟಿಲಿನವನ ವಿದ್ಯೆ ಚೆನ್ನಾಗಿ ಗೊತ್ತು. ಫ್ಲಾರಿಡಾದಲ್ಲಿ ಸ್ಪ್ಲ್ಯಾಶ್ ಮೌಂಟನ್ 2023ರ ಜನವರಿ 23ಕ್ಕೆ ಮುಚ್ಚುತ್ತದೆ ಎಂದು ಮೊದಲೇ ದಿನ ಗೊತ್ತು ಮಾಡಿದರು. ಕೊನೆಯ ದಿನ ಜನ ಗಂಟೆಗಟ್ಟಲೆ ಕ್ಯೂ ನಿಂತರು. ಆ ರೈಡಿನ ನೀರನ್ನು ಬಾಟಲಿಯಲ್ಲಿ ತುಂಬಿ ಇಬೇಯಲ್ಲಿ ಮಾರಲು ಇಟ್ಟವರೂ ಇದ್ದರು. ಗಂಗಾಜಲದ ಹಾಗೆ! 2025ರ ಜುಲೈನಲ್ಲಿ ಅಲ್ಲಿನ ನದಿಯನ್ನೂ ಟಾಮ್ ಸಾಯರ್ ದ್ವೀಪವನ್ನೂ ಮುಚ್ಚಿ ಕಾರ್ಸ್ ಎಂಬ ಸಿನಿಮಾ ಆಧರಿಸಿದ ಜಾಗ ಕಟ್ಟಲು ಹೊರಟಾಗಲೂ ಮೊದಲೇ ದಿನ ಹೇಳಿದರು. ಡಿಸ್ನಿಯವರು ಸಾಧುಗಳು ಅಂತ ನಾನು ಹೇಳುತ್ತಿಲ್ಲ. 1999ರಿಂದ ಬಿಟ್ಟಿಯಾಗಿದ್ದ ಫಾಸ್ಟ್‌ಪಾಸನ್ನು 2021ರಲ್ಲಿ ತೆಗೆದು, ಕ್ಯೂ ತಪ್ಪಿಸಿಕೊಳ್ಳಲು ದುಡ್ಡು ಕೊಡಿ ಎಂದವರು ಅವರೇ. ಆದರೆ ವಿದಾಯ ಹೇಳಲು ಒಂದು ದಿನವನ್ನಂತೂ ಕೊಡುತ್ತಾರೆ.

ನೀವು ಯಾಕೆ ಕೊಡಲಿಲ್ಲ? ನೀವು ಹೇಳಿಲ್ಲವಾದ್ದರಿಂದ ನಾನೇ ಊಹಿಸಬೇಕು. ಒಂದು, ಯಂತ್ರದ ಮೇಲೆ ನಿಮಗೇ ನಂಬಿಕೆ ಉಳಿದಿರಲಿಕ್ಕಿಲ್ಲ. ಕೊನೆಯ ವಾರ ಅಂತ ಜನ ದೇಶದ ಮೂಲೆಮೂಲೆಯಿಂದ ವಿಮಾನ ಹತ್ತಿ ಬಂದು, ಅವತ್ತೇ ಅದು ಕೆಟ್ಟು ನಿಂತರೆ? ಮರ್ಯಾದೆ ಪ್ರಶ್ನೆ. ಇದು ನನಗೆ ಅರ್ಥವಾಗುತ್ತದೆ. ಇನ್ನೊಂದು, ಮುಂದಿನ ವರ್ಷದ ಸೀಸನ್ ಪಾಸು ಮಾರುವ ಕಾಲ ಅದು. ಬೇಸಿಗೆ ಮುಗಿಯುವ ಹೊತ್ತಿಗೆ ರಿಯಾಯಿತಿ ಬೋರ್ಡು ಏಳುತ್ತದೆ, ಜನ ಮುಂಗಡ ಕೊಟ್ಟು ಕೊಳ್ಳುತ್ತಾರೆ. ಪಾರ್ಕಿನ ದೊಡ್ಡ ಆಕರ್ಷಣೆಯೇ ಮುಂದಿನ ವರ್ಷ ಇರುವುದಿಲ್ಲ ಎಂದು ಸೆಪ್ಟೆಂಬರಿನಲ್ಲಿ ಹೇಳಿದರೆ ಎಷ್ಟು ಜನ ಕೊಳ್ಳುತ್ತಿದ್ದರು? ಇದು ಬರೀ ನನ್ನ ಅನುಮಾನ. ತಪ್ಪಿದ್ದರೆ ತಿದ್ದಿ. ಆದರೆ ಇಂಥ ಅನುಮಾನ ಹುಟ್ಟಲು ಜಾಗ ಕೊಟ್ಟವರು ನೀವೇ ಅಲ್ವಾ?

ನಿಲ್ಲಿಸಿದ್ದಕ್ಕೆ ಕಾರಣ ಇರಲಿಲ್ಲ ಎಂದಲ್ಲ, ಬೇಕಾದಷ್ಟಿತ್ತು. ಶುರುವಾಗಿ ಮೂರು ವಾರಕ್ಕೇ, 2005ರ ಜೂನ್‌ನಲ್ಲಿ, ಎಳೆಯುವ ಯಂತ್ರ ಕೆಟ್ಟು ಎರಡು ತಿಂಗಳ ಹತ್ತಿರ ನಿಂತಿತು. 2009ರಲ್ಲಿ ಸಿಡಿಲು ಹೊಡೆದು ಆ ಬೇಸಿಗೆಯ ಬಹುಪಾಲು ಹಾಳಾಯಿತು. 2011ರಲ್ಲಿ ಐರೀನ್ ಚಂಡಮಾರುತ ಬಂದ ಮೇಲೆ ಮುಂದಿನ ವರ್ಷದವರೆಗೂ ಬಾಗಿಲು ಬಂದ್. ಜೋರು ಗಾಳಿ ಬಂದರೆ ನಿಲ್ಲಿಸಬೇಕು, ಮಳೆ ಬಂದರೆ ನಿಲ್ಲಿಸಬೇಕು. ಎಣ್ಣೆ ಒತ್ತಡದ ಇಂಥ ಯಂತ್ರ ಇಟ್ಟುಕೊಂಡವರು ಜಗತ್ತಿನಲ್ಲೇ ಕಡಿಮೆ. ಅದನ್ನು ಮಾಡಿದ ಇಂಟಮಿನ್ ಕಂಪನಿಯವರೇ ಹೊಸ ಕೋಸ್ಟರುಗಳಿಗೆ ಆಯಸ್ಕಾಂತದ ಮೋಟರುಗಳ ಕಡೆ ಹೊರಳಿದ್ದಾರೆ. ಓಹಾಯೊದ ಸೀಡರ್ ಪಾಯಿಂಟಿನಲ್ಲಿ ಇದರ ಅಣ್ಣನಂತಿದ್ದ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ ಇತ್ತಲ್ಲ, 2021ರ ಆಗಸ್ಟಿನಲ್ಲಿ ಅದರ ಗಾಡಿಯಿಂದ ಲೋಹದ ತುಂಡೊಂದು ಹಾರಿ ಕ್ಯೂನಲ್ಲಿದ್ದ ಮಹಿಳೆಯೊಬ್ಬರಿಗೆ ತೀವ್ರ ಪೆಟ್ಟಾಯಿತು. ಆ ರೈಡ್ ಹಳೆಯ ರೂಪದಲ್ಲಿ ಮತ್ತೆ ಓಡಲಿಲ್ಲ. ಆಯಸ್ಕಾಂತದ ಮೋಟರು ಹಾಕಿ 2024ರ ಮೇ ತಿಂಗಳಲ್ಲಿ ಹೊಸ ಹೆಸರಿನಲ್ಲಿ ಬಿಟ್ಟರೆ, ಎಂಟೇ ದಿನಕ್ಕೆ ನಿಂತು ಆ ವರ್ಷವೆಲ್ಲ ಮುಚ್ಚಿತ್ತು.

ಇಷ್ಟು ಕಾರಣ ಕೈಯಲ್ಲಿಟ್ಟುಕೊಂಡು ಅವನ್ನು ಬಿಡಿಸಿ ಹೇಳಲು ಏನು ಅಡ್ಡಿ? "ಬಿಡಿಭಾಗ ದುಬಾರಿ, ದುರಸ್ತಿಗೆ ಇಷ್ಟು ಖರ್ಚು, ವರ್ಷದಲ್ಲಿ ಇಷ್ಟು ದಿನ ನಿಂತೇ ಇರುತ್ತದೆ, ಇನ್ನು ಸಾಕು" ಎಂದಿದ್ದರೆ ಜನ ತಲೆ ಅಲ್ಲಾಡಿಸುತ್ತಿದ್ದರು. ಮನೆಯಲ್ಲಿ ಹಳೇ ಬೈಕು ಮಾರುವಾಗ ನಾವೂ ಇದೇ ಲೆಕ್ಕ ಹಾಕುತ್ತೇವೆ.

ಇನ್ನೊಂದು ಲೆಕ್ಕವೂ ಇದೆ, ಅದನ್ನು ನೀವು ಷೇರುದಾರರಿಗೆ ಹೇಳುತ್ತೀರಿ, ನಮಗೆ ಹೇಳುವುದಿಲ್ಲ. 2024ರ ಜುಲೈ 1ರಂದು ಸಿಕ್ಸ್ ಫ್ಲ್ಯಾಗ್ಸ್ ಮತ್ತು ಸೀಡರ್ ಫೇರ್ ಎಂಬ ಇನ್ನೊಂದು ಪಾರ್ಕ್ ಕಂಪನಿ ಎರಡೂ ಕೂಡಿ ಒಂದಾದವು. ಒಟ್ಟು 42 ಪಾರ್ಕು. ಕೂಡಿದ್ದರಿಂದ ವರ್ಷಕ್ಕೆ 20 ಕೋಟಿ ಡಾಲರ್ ಲಾಭವಾಗುತ್ತದೆ ಎಂದು ಮಾತು ಕೊಟ್ಟಿದ್ದಿರಿ. ಅದರಲ್ಲಿ 12 ಕೋಟಿ ಬರಬೇಕಾದ್ದು ಖರ್ಚು ಕಡಿತದಿಂದ. ಹೆಗಲ ಮೇಲೆ ಸುಮಾರು 500 ಕೋಟಿ ಡಾಲರ್ ಸಾಲ. ಮದುವೆಯಾಗಿ ನಾಲ್ಕೂವರೆ ತಿಂಗಳಿಗೆ ಕಿಂಗ್ಡಾ ಕಾ ಹೋಯಿತು. ಎರಡಕ್ಕೂ ನೇರ ಸಂಬಂಧ ಇದೆ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಎರಡು ಮನೆ ಸೇರಿ ಒಂದಾದಾಗ ಮೊದಲು ಹೊರಗೆ ಹೋಗುವುದು ಯಾವ ಸಾಮಾನು ಅಂತ ಎಲ್ಲರಿಗೂ ಗೊತ್ತು. ಜಾಸ್ತಿ ತಿನ್ನುವ ಎಮ್ಮೆ.

ಹಳೆಯ ರೈಡ್ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಹೈವೇ ಬೋರ್ಡಿನಲ್ಲಿ ಜಾಗವಿಲ್ಲ, ಇದೂ ಈ ವ್ಯಾಪಾರದ ಗುಟ್ಟು. "ಈ ವರ್ಷ ಹೊಸದು" ಎಂದರೆ ಜನ ಬರುತ್ತಾರೆ. "ಹಳೆಯದನ್ನೇ ಚೆನ್ನಾಗಿ ಇಟ್ಟಿದ್ದೇವೆ" ಎಂದು ಜಾಹೀರಾತು ಕೊಟ್ಟವರನ್ನು ನಾನು ನೋಡಿಲ್ಲ. ಜೊತೆಗೆ ಅಂಗಡಿ ವ್ಯಾಪಾರ. ಆರ್ಲಾಂಡೊದಲ್ಲಿ ಯೂನಿವರ್ಸಲ್‌ನವರು 2012ರ ಜನವರಿಯಲ್ಲಿ ಶಾರ್ಕ್ ಮೀನಿನ ಜಾಸ್ ರೈಡ್ ಮುಚ್ಚಿ, 2014ರಲ್ಲಿ ಅದೇ ಜಾಗದಲ್ಲಿ ಹ್ಯಾರಿ ಪಾಟರ್‌ನ ಬೀದಿ ಕಟ್ಟಿದರು. ಶಾರ್ಕ್ ಹೆದರಿಸುತ್ತಿತ್ತು ಅಷ್ಟೇ. ಹ್ಯಾರಿ ಪಾಟರ್ ಮಂತ್ರದ ಕಡ್ಡಿ ಮಾರುತ್ತಾನೆ, ನಿಲುವಂಗಿ ಮಾರುತ್ತಾನೆ, ಕುಡಿಯಲು ಬಟರ್‌ಬಿಯರ್ ಮಾರುತ್ತಾನೆ. ನಾನೇ ಒಂದು ಕಡ್ಡಿ ಕೊಂಡಿದ್ದೇನೆ, ಮಗಳ ಹೆಸರಿನಲ್ಲಿ.

ಎಲ್ಲಕ್ಕಿಂತ ದೊಡ್ಡ ಲೆಕ್ಕ ನೆಲದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಿಮ್ಮದೇ ಮನೆಯ ಕಥೆ ಇದೆ. ಹ್ಯೂಸ್ಟನ್‌ನಲ್ಲಿ ನಿಮ್ಮದೊಂದು ಆಸ್ಟ್ರೋವರ್ಲ್ಡ್ ಇತ್ತು. 1968ರಿಂದ ನಡೆಯುತ್ತಿದ್ದ ಪಾರ್ಕು. 2005ರಲ್ಲಿ, ಅಂದರೆ ಕಿಂಗ್ಡಾ ಕಾ ಹುಟ್ಟಿದ ವರ್ಷವೇ, ಆಗಿನ ನಿಮ್ಮ ಆಡಳಿತದವರಿಗೆ ಅನ್ನಿಸಿತು: ಪಾರ್ಕಿಗಿಂತ ಅದರ ಕೆಳಗಿನ ನೆಲಕ್ಕೇ ಬೆಲೆ ಜಾಸ್ತಿ. 15 ಕೋಟಿ ಡಾಲರ್‌ವರೆಗೂ ಬರಬಹುದು ಎಂಬ ಅಂದಾಜು. ಅಕ್ಟೋಬರ್ 30ಕ್ಕೆ ಬಾಗಿಲು ಹಾಕಿದರು. ಕೆಡವಿದರು. 109 ಎಕರೆ ಮಾರಿದರೆ ಬಂದದ್ದು 7.7 ಕೋಟಿ. ಪಾರ್ಕು ಮುಚ್ಚಲು ನಿರ್ಧಾರ ಮಾಡಿದ ಮುಖ್ಯಸ್ಥರು ಆ ವರ್ಷ ಮುಗಿಯುವ ಮೊದಲೇ ಕುರ್ಚಿ ಬಿಟ್ಟರು. 2009ರಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಆ ನೆಲದಲ್ಲಿ ಏನೋ ದೊಡ್ಡದು ಏಳುತ್ತದೆ ಎಂದು ಕಾದವರು ಕಾದೇ ಕಾದರು. ಅದರ ಒಂದು ಪಾಲನ್ನು ಈಗ ಹ್ಯೂಸ್ಟನ್ ರೋಡಿಯೋದವರು ಗಾಡಿ ನಿಲ್ಲಿಸಲು ಬಳಸುತ್ತಾರೆ. ರೋಡಿಯೋ ಅಂದರೆ ಅದೂ ಒಂಥರಾ ದನಗಳ ಜಾತ್ರೆಯೇ. ರಾಮನಾಥಪುರದವನಿಗೆ ಇದು ಓದಿ ನಗು ಬಂತು, ಆಮೇಲೆ ಬೇಜಾರೂ ಆಯಿತು.

ಈಗ ಅದೇ ಕಥೆ ಮೇರಿಲ್ಯಾಂಡಿನಲ್ಲಿ. ಬೋವಿಯ ಸಿಕ್ಸ್ ಫ್ಲ್ಯಾಗ್ಸ್ ಅಮೆರಿಕ ಪಾರ್ಕನ್ನು 2025ರ ನವೆಂಬರ್ 2ಕ್ಕೆ ಮುಚ್ಚಿದಿರಿ. ಸುಮಾರು 500 ಎಕರೆ ಮಾರಾಟಕ್ಕೆ. ವಾಷಿಂಗ್ಟನ್ ಪಕ್ಕದ ಜಾಗ, ಹ್ಯೂಸ್ಟನ್‌ಗಿಂತ ಒಳ್ಳೆ ಬೆಲೆ ಬಂದರೂ ಬರಬಹುದು. ನನಗೆ ಇಲ್ಲಿ ಕಂಡ ವಿಷಯ ಬೇರೆ. ಅಲ್ಲಿ ಮುಚ್ಚುವ ಸುದ್ದಿಯನ್ನು ಮೇ 1ಕ್ಕೇ ಹೇಳಿದ್ದಿರಿ. ಆರು ತಿಂಗಳು ಮೊದಲು! ಜನ ಬಂದರು, ಕೊನೆಯ ಸಲ ಹತ್ತಿದರು, ಅತ್ತರು, ಫೋಟೋ ತೆಗೆಸಿಕೊಂಡರು. ಅಂದರೆ ಹೇಳುವುದು ನಿಮಗೆ ಬರುತ್ತದೆ. ಇಡೀ ಪಾರ್ಕಿಗೆ ಆರು ತಿಂಗಳು ಕೊಡಬಹುದಾದರೆ ಒಂದು ಕೋಸ್ಟರಿಗೆ ಆರು ವಾರ ಕೊಡಲು ಏನು ಕಷ್ಟ?

ಇದು ಅಮೆರಿಕದ ಕಾಯಿಲೆ ಮಾತ್ರ ಅಂತ ನಮ್ಮವರು ಸುಮ್ನೆ ಬೀಗುವುದು ಬೇಡ. ಕೆಲವು ವರ್ಷದ ಹಿಂದೆ ಊರಿಗೆ ಹೋದಾಗ ಅಕ್ಕನ ಮಕ್ಕಳನ್ನು ಒಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಹೆಸರು ಬೇಡ. ಕೌಂಟರಿನಲ್ಲಿ ಪೂರಾ ದುಡ್ಡು ಕೊಟ್ಟು ಒಳಗೆ ಹೋದ ಮೇಲೆ ಮೂರು ರೈಡಿಗೆ "ದುರಸ್ತಿಯಲ್ಲಿದೆ" ಎಂಬ ಬೋರ್ಡು. ಎರಡು ವರ್ಷ ಬಿಟ್ಟು ಹೋದಾಗಲೂ ಅದೇ ಬೋರ್ಡು, ಅದೇ ಹಗ್ಗ, ಹಗ್ಗದ ಮೇಲೆ ಬಳ್ಳಿ. ನಿಂತುಹೋಗಿದೆ ಎಂದು ಒಪ್ಪಿಕೊಂಡರೆ ಟಿಕೆಟ್ ದರ ಇಳಿಸಬೇಕಾಗುತ್ತದಲ್ಲ. ನೀವು ಹೇಳದೆ ಕೆಡವುತ್ತೀರಿ, ಅವರು ಕೆಡವದೆ ಸುಳ್ಳು ಹೇಳುತ್ತಾರೆ.

ನಾನು ಕೇಳುವುದು ಸ್ವಲ್ಪವೇ. ಒಂದು ರೈಡನ್ನು ನಿಲ್ಲಿಸುವುದೆಂದು ನಿಶ್ಚಯವಾದರೆ ಕೊನೆಯ ದಿನವನ್ನು ಮೊದಲೇ ಹೇಳಿ. ಸುರಕ್ಷತೆಯ ಕಾರಣಕ್ಕೆ ಏಕಾಏಕಿ ನಿಲ್ಲಿಸಬೇಕಾಗಿ ಬಂದರೆ ಅದನ್ನೇ ಹೇಳಿ, ಯಾರೂ ಬೇಡ ಅನ್ನುವುದಿಲ್ಲ. ಮುಂದಿನ ವರ್ಷದ ಪಾಸು ಮಾರುವ ಪುಟದಲ್ಲೇ, ದರದ ಪಕ್ಕದಲ್ಲೇ, ಮುಂದಿನ ವರ್ಷ ಇರದ ರೈಡುಗಳ ಹೆಸರು ಬರೆಯಿರಿ. ಕೊಂಡ ಮೇಲೆ ಗೊತ್ತಾದರೆ ದುಡ್ಡು ವಾಪಸ್ ಕೊಡಿ. ಕ್ಯೂ ತಪ್ಪಿಸುವ ಪಾಸಿನ ವಿಷಯದಲ್ಲೂ ಅಷ್ಟೇ. ರೈಡು ಕಡಿಮೆಯಾದರೆ ಉಳಿದವಕ್ಕೆ ಕ್ಯೂ ಉದ್ದವಾಗುತ್ತದೆ. ಕ್ಯೂ ಉದ್ದವಾದಷ್ಟೂ ಆ ಪಾಸಿಗೆ ಗಿರಾಕಿ. ಬೇಕಂತಲೇ ಹೀಗೆ ಮಾಡುತ್ತೀರಿ ಎಂದು ಹೇಳುತ್ತಿಲ್ಲ. ಆದರೆ ನಿಮ್ಮ ನಷ್ಟ ನಿಮಗೇ ಲಾಭವಾಗುವ ಈ ಏರ್ಪಾಡು ನೋಡಿದರೆ, ನಿಂತಿರುವವನಿಗೆ ಬಿಸಿಲಿನಲ್ಲಿ ಏನೇನೋ ಯೋಚನೆ ಬರುತ್ತದೆ.

ಕಿಂಗ್ಡಾ ಕಾ ಎತ್ತರವನ್ನು ಮೀರಿದ ಕೋಸ್ಟರ್ ಈಗ ಸೌದಿ ಅರೇಬಿಯಾದ ಕಿದ್ದಿಯಾದಲ್ಲಿದೆ. 195 ಮೀಟರ್, ಗಂಟೆಗೆ 250 ಕಿಲೋಮೀಟರ್. ಆ ಪಾರ್ಕಿನ ಬಾಗಿಲಿನ ಮೇಲೂ ನಿಮ್ಮದೇ ಹೆಸರು. ಒಳ್ಳೆಯದಾಗಲಿ. ನಮಗೆ ಅಷ್ಟು ದೂರ ಆಗುವುದಿಲ್ಲ, ನಾವು 7ಎ ಎಕ್ಸಿಟ್‌ನವರು.

ಜಾಕ್ಸನ್ನಿನಲ್ಲಿ ಇನ್ನೂ ಎಲ್ ಟೊರೊ ಇದೆ. 2006ರ ಮರದ ಕೋಸ್ಟರ್, ನನ್ನ ಪ್ರಕಾರ ನಿಮ್ಮಲ್ಲಿರುವ ಅತ್ಯುತ್ತಮ ರೈಡು. 2022ರ ಆಗಸ್ಟಿನಲ್ಲಿ ಅದರಲ್ಲಿ 14 ಜನರಿಗೆ ಪೆಟ್ಟಾಯಿತು. ಆಗ ನಿಲ್ಲಿಸಿ, ದುರಸ್ತಿ ಮಾಡಿ, ಮುಂದಿನ ವರ್ಷ ಮತ್ತೆ ಬಿಟ್ಟಿರಿ. ಖರ್ಚು ಮಾಡಬೇಕು ಅನ್ನಿಸಿದಾಗ ಮಾಡುತ್ತೀರಿ ಎಂದು ಅದರಿಂದ ಗೊತ್ತಾಯಿತು. ಅದಕ್ಕೂ ಒಂದು ದಿನ ಬರುತ್ತದೆ. ನಿಮ್ಮ ಕಚೇರಿಯ ಯಾವುದೋ ಕಂಪ್ಯೂಟರಿನಲ್ಲಿ ಆ ವರ್ಷ ಈಗಾಗಲೇ ಬರೆದಿಟ್ಟಿರಲೂಬಹುದು. ದಿನ ಗೊತ್ತಾದಾಗ ಒಂದು ಮಾತು ಹೇಳಿ. ಅಮ್ಮನನ್ನು ಮತ್ತೆ ಕರೆಸುವ ಆಸೆ ಇದೆ. ವೀಸಾ, ಟಿಕೆಟ್ಟು ಎಲ್ಲಕ್ಕೂ ಸಮಯ ಬೇಕು. ಬರುವಾಗ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಬರುತ್ತೇವೆ. ಹೊರಗಿನ ಊಟ ಒಳಗೆ ಬಿಡುವುದಿಲ್ಲ ಎಂದು ಗೊತ್ತು. ಪಾರ್ಕಿಂಗಿನಲ್ಲೇ ಕೂತು ತಿನ್ನುತ್ತೇವೆ.

ಇತಿ,
ಎಡಿಸನ್ನಿನಲ್ಲಿರುವ ಒಬ್ಬ ಅರಕಲಗೂಡಿನವನು